ಐದನೆಯ ಕಿಟಕಿ

ಬೆಳಕು ಹರಿಯುವ ಹೊತ್ತು. ಶಿಶುವಿಹಾರದ ಬಾಗಿಲು ಈಗಷ್ಟೇ ತೆರೆದಿದೆ. ಒಳಗೆ ಐವತ್ತೆರಡರ ಹೆಂಗಸೊಬ್ಬರು ಮೊಣಕಾಲೂರಿ, ಕಿಟಕಿಯ ದಂಡೆಗೆ ಅಳತೆಯ ಚೌಕಟ್ಟು ಅಂಟಿಸಿ, ಒದ್ದೆ ಬಟ್ಟೆಯ ತುಂಡಿನಿಂದ ಒರೆಸುತ್ತಿದ್ದಾರೆ. ತುಂಡನ್ನು ಮಡಚಿ ಪುಟ್ಟ ಡಬ್ಬಿಗೆ ಹಾಕುತ್ತಾರೆ. ಕೈಗವಸು ಬದಲಿಸಿ ಮುಂದಿನ ಕಿಟಕಿಗೆ ಸರಿಯುತ್ತಾರೆ.

"ಒರೆಸೋದು ಒರೆಸ್ತಿದೀರಿ, ಗಾಜನ್ನೂ ಒಂದ್ಸಲ ಒರೆಸಿಬಿಡಿ ಅಕ್ಕಾ," ಎನ್ನುತ್ತಾನೆ ಕಾವಲುಗಾರ.

"ಗಾಜು ನಿನ್ನ ಪಾಲಿಗೇ ಬಿಟ್ಟಿದೀನಪ್ಪ."

ಹಳೆಯ ಬಣ್ಣದಲ್ಲಿರುವ ಸೀಸ ಪುಡಿಯಾಗಿ ದಂಡೆಗಳ ಮೇಲೆ ಕೂರುತ್ತದೆ, ಅಲ್ಲಿಂದ ಮಕ್ಕಳ ಬೆರಳಿಗಂಟಿ ಬಾಯಿಗೆ ಹೋಗುತ್ತದೆ. ಆ ದೂಳನ್ನು ಅಳೆಯುವುದು ಇವರ ಇಪ್ಪತ್ತಾರು ವರ್ಷಗಳ ಕಸುಬು. ದಿನಕ್ಕೆ ಮೂವತ್ತು ಮಾದರಿ. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಇವರು 'ದೂಳಕ್ಕ'.

ನಿಮ್ಮ ಬಗ್ಗೆ ಬರೆಯುತ್ತೇನೆ ಎಂದು ನಾನು ಹೇಳಿದಾಗ ದೂಳಕ್ಕ ತಲೆ ತಗ್ಗಿಸುತ್ತಾರೆ. "ಬರೆಯೋದಾದ್ರೆ ನನ್ನ ತಪ್ಪನ್ನೇ ಬರೀರಿ."

ನಾಲ್ಕು ವರ್ಷಗಳ ಹಿಂದಿನ ಮಾತು. ಇಂಥದೇ ಒಂದು ಶಿಶುವಿಹಾರ, ಐದು ಕಿಟಕಿ. ಯಾವ ಕಿಟಕಿಯಲ್ಲೂ ಸೀಸದ ಅಂಕಿ ನಲವತ್ತು ದಾಟುವಂತಿರಲಿಲ್ಲ. ಪ್ರಯೋಗಾಲಯದಿಂದ ಬಂದದ್ದು ಆರು, ಎಂಟು, ಏಳು, ಒಂಬತ್ತು. ಐದನೆಯದು ನೂರೈವತ್ತು. ಫಾರಂನಲ್ಲಿ ಇದ್ದದ್ದು ಒಂದೇ ಖಾನೆ. ಕೂಡಿಸಿ ಐದರಿಂದ ಭಾಗಿಸಿದರೆ ಮೂವತ್ತಾರು. ದೂಳಕ್ಕ 'ಸುರಕ್ಷಿತ' ಎಂದು ಬರೆದು ಸಹಿ ಹಾಕಿದರು.

"ಖಾನೆ ಒಂದೇ ಇತ್ತು ಅಂತ ನೆಪ ಹೇಳಬಹುದು. ಆದ್ರೆ ಆ ನೂರೈವತ್ತನ್ನ ನಾನು ನೋಡಿದ್ದೆ. ನೋಡಿಯೂ ಭಾಗಿಸಿದೆ."

ಐದನೆಯ ಕಿಟಕಿಯಲ್ಲಿ ಒಂದು ಹೆಣ್ಣುಮಗು ದಿನಾ ಸಂಜೆ ಅಮ್ಮನ ದಾರಿ ಕಾಯುತ್ತಿತ್ತು, ದಂಡೆಗೆ ಗಲ್ಲ ಊರಿ, ಬೆರಳು ಚೀಪುತ್ತಾ. ವರ್ಷ ತುಂಬುವುದರೊಳಗೆ ಅದರ ರಕ್ತದಲ್ಲಿ ಸೀಸ ಸಿಕ್ಕಿತು. ಮಾತು ತಡವಾಯಿತು, ಈಗಲೂ ತೊದಲುತ್ತದೆ. ಆ ತಾಯಿ ಕಚೇರಿಗೆ ಬಂದು ಬೈಯಲಿಲ್ಲ, ಅಳಲಿಲ್ಲ. ವರದಿ ಮೇಜಿನ ಮೇಲಿಟ್ಟು ಇಷ್ಟೇ ಹೇಳಿದರು: "ನನ್ನ ಮಗಳು ಸರಾಸರಿ ಕಿಟಕೀಲಿ ಕೂತಿರಲಿಲ್ಲಮ್ಮ."

ಆಮೇಲೆ ದೂಳಕ್ಕ ಹಳೆಯ ವರದಿಗಳನ್ನೆಲ್ಲ ತೆಗೆಸಿದರು. ಬಿಡಿ ಅಂಕಿಗಳ ಕಡತವನ್ನು ಕಚೇರಿ ಎರಡು ವರ್ಷಕ್ಕೇ ವಿಲೇವಾರಿ ಮಾಡುತ್ತದೆ, ಉಳಿಯುವುದು ಸರಾಸರಿ ಮಾತ್ರ. ತಮ್ಮ ಸಹಿಯಿದ್ದು ಸರಾಸರಿಯಷ್ಟೇ ಉಳಿದ ಶಿಶುವಿಹಾರಗಳು ಇಪ್ಪತ್ಮೂರು. "ಸತ್ತ ಕಡತ ಯಾಕೆ ಕೆದಕ್ತೀರಿ?" ಎಂದರು ಸಾಹೇಬರು. ದೂಳಕ್ಕ ರಜೆಯ ದಿನಗಳಲ್ಲಿ ಒಂದೊಂದಕ್ಕೇ ಹೋಗಿ ಮತ್ತೆ ಒರೆಸತೊಡಗಿದರು. ಹತ್ತೊಂಬತ್ತು ಮುಗಿದಿವೆ. ಎರಡರಲ್ಲಿ ಅಂಥದೇ ಕಿಟಕಿ ಸಿಕ್ಕಿತು. ಅಲ್ಲಿ ಆಡಿ ಬೆಳೆದ ಮಕ್ಕಳ ಮನೆಗಳಿಗೆ ತಾವೇ ಹೋಗಿ ಹೇಳಿ ಬಂದರು.

ಇದು ಇಪ್ಪತ್ತನೆಯದು.

"ಉಳಿದ ನಾಲ್ಕರಲ್ಲೂ ಏನೂ ಸಿಗಬಾರದು. ನನ್ನ ಓಡಾಟ ದಂಡ ಆಗ್ಲಿ. ದಿನಾ ಕೈಮುಗಿದು ಕೇಳ್ಕೊಳ್ಳೋದು ಇದೊಂದೇ," ಎನ್ನುತ್ತಾ ಐದು ಡಬ್ಬಿಗಳ ಮೇಲೂ ಬೇರೆ ಬೇರೆ ಚೀಟಿ ಅಂಟಿಸುತ್ತಾರೆ.

ಚೀಲ ಹೆಗಲಿಗೇರುತ್ತದೆ. ಗೇಟಿನಾಚೆ ಮಕ್ಕಳ ದನಿ ಕೇಳತೊಡಗಿದೆ. "ಬಂದ್ರು ನೋಡಿ ಪುಂಡರು. ಮಾತಾಡಿಸ್ಕೊಂಡೇ ಹೋಗಿ ಅಕ್ಕಾ," ಎನ್ನುತ್ತಾನೆ ಕಾವಲುಗಾರ.

ದೂಳಕ್ಕ ಆಗಲೇ ಹಿತ್ತಲ ಬಾಗಿಲಿನತ್ತ ತಿರುಗಿದ್ದಾರೆ.

"ನಂಬರು ಬರ್ಲಿ. ಆಮೇಲೆ ಬಂದು ಮುಖ ನೋಡ್ತೀನಿ."