ತಗಡಿನ ಮೇಲಿನ ಕೋಳಿಕಾಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಲವತ್ತು ಜನ ಸ್ವಯಂಸೇವಕರನ್ನು ಕರೆದುಕೊಂಡು ಹೋಗಿ, ಇನ್ನೊಬ್ಬ ಸ್ವಯಂಸೇವಕಿಯ ಕೆಲಸವನ್ನೆಲ್ಲ ಒಂದೇ ಬೆಳಗ್ಗೆ ಒರೆಸಿ ಹಾಕಿ, ಅದರ ಮುಂದೆಯೇ ನಿಂತು ಫೋಟೊ ತೆಗೆಸಿಕೊಂಡ ಮಹಾನುಭಾವ ಇಡೀ ಹೈದರಾಬಾದಿನಲ್ಲಿ ನಾನೊಬ್ಬನೇ. ಆ ಫೋಟೊದಲ್ಲಿ ನನ್ನ ಮೂಗಿನ ಮೇಲೆ ಹಳದಿ ಬಣ್ಣ ಇದೆ. ಹೆಬ್ಬೆರಳು ಎತ್ತಿ ಹಲ್ಲು ಕಿಸಿದಿದ್ದೇನೆ.

ಆಗ ನಾನು ಮುನ್ಸಿಪಾಲಿಟಿಯ ಒಂದು ವಾರ್ಡ್ ಆಫೀಸಿನಲ್ಲಿ ಗುತ್ತಿಗೆ ನೌಕರ. ಊರಿನ ಕಾರ್ಯಕ್ರಮಗಳಿಗೆ ಬರುವ ಸ್ವಯಂಸೇವಕರನ್ನು ನೋಡಿಕೊಳ್ಳುವುದು ಕೆಲಸ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ, ಇಂಟರ್‌ವ್ಯೂನಲ್ಲಿ ಇಂಗ್ಲಿಷು. ನಾಲ್ಕರಲ್ಲೂ ಸಮನಾಗಿ ತಪ್ಪು ಮಾತಾಡುತ್ತಿದ್ದೆನಾದ್ದರಿಂದ ಆರಿಸಿಕೊಂಡರು. ಸುದ್ದಿ ಕೇಳಿ ಸಿಕಂದರಾಬಾದಿನ ಮನೆಯಲ್ಲಿ ಅವ್ವ ಅಂದಿದ್ದಳು, "ಕುಂತಲ್ಲಿಂದ ಎದ್ದು ನೀರು ತಗೊಂಡು ಕುಡಿಯಾಂವಲ್ಲ ನೀ. ಮಂದಿ ಕಡಿಂದ ಕೆಲಸ ಮಾಡಸ್ತಿಯೇನು?"

"ಅದಕ್ಕ ಅವ್ವಾ ನನ್ನ ತಗೊಂಡಿದ್ದು. ಹುಟ್ಟಿದಾಗಿಂದ ನಿನ್ನ ಕಡಿಂದ ಮಾಡಸಾಕತ್ತೀನಲ್ಲ, ಅನುಭವ ಐತಿ," ಎಂದಿದ್ದೆ.

ನನ್ನ ಸ್ವಯಂಸೇವಕರಲ್ಲಿ ಹೆಚ್ಚಿನವರು ಮಾದಾಪುರದ ಆಫೀಸುಗಳ ಇಂಜಿನಿಯರುಗಳು. ಶನಿವಾರ ಕ್ಯಾಬಿನಲ್ಲಿ ಬರುತ್ತಿದ್ದರು. ಒಳ್ಳೆಯ ಮಕ್ಕಳು, ಮಾಡಬೇಕು ಅನ್ನುವ ಆಸೆ ಇತ್ತು. ಆದರೆ ಮಾಡಿದ್ದು ಹನ್ನೆರಡು ಗಂಟೆಯೊಳಗೆ ಕಣ್ಣಿಗೆ ಕಾಣಬೇಕು, ಇಲ್ಲದಿದ್ದರೆ ಮುಂದಿನ ಶನಿವಾರ ಅರ್ಧ ಜನ ಬರುವುದಿಲ್ಲ. ಜನ ಕಡಿಮೆಯಾದರೆ ನಮ್ಮ ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಹಾಗಾಗಿ ಅವರಿಗೆ ಟೋಪಿ, ನೀರಿನ ಬಾಟಲಿ, ಪೊರಕೆ, ಬಣ್ಣದ ಡಬ್ಬಿ ಹೊಂದಿಸುವುದರಲ್ಲೇ ನನ್ನ ವಾರ ಮುಗಿಯುತ್ತಿತ್ತು.

ಇವರ ಜೊತೆ ಸೇರದ ಒಬ್ಬಳಿದ್ದಳು. ಮಣಿಕೊಂಡದಲ್ಲಿ ಕಟ್ಟಡದ ಕೆಲಸಕ್ಕೆ ಬಂದ ರಾಯಚೂರು ಕಡೆಯ ಹೆಂಗಸು. ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಎಂಬತ್ತು ತಗಡಿನ ಶೆಡ್ಡುಗಳಲ್ಲಿ ಒಂದರಲ್ಲಿ ಅವಳ ಸಂಸಾರ. ಸೊಳ್ಳೆ ನಿಯಂತ್ರಣ ಕಾರ್ಯಕ್ರಮದವರು ಅಲ್ಲಿ ಸಭೆ ಮಾಡಿದಾಗ, ಪ್ರತಿ ಶುಕ್ರವಾರ ಮನೆಮನೆಯ ನೀರಿನ ಡ್ರಮ್ಮು ಮಗುಚಿ ತೊಳೆಸುವುದಕ್ಕೆ, ಯಾರಿಗೆ ಜ್ವರ ಇದೆ ಎಂದು ತಿಳಿಸುವುದಕ್ಕೆ ಯಾರಾದರೂ ಬೇಕು ಎಂದು ಕೇಳಿದೆ. ಎಲ್ಲರೂ ನೆಲ ನೋಡಿದರು. ಅವಳು ಎದ್ದಳು.

"ನನಗ ಓದಾಕ ಬರಿಯಾಕ ಬರಂಗಿಲ್ರಿ ಸರ. ನಡೀತೈತೇನ್ರಿ?"

"ನಡೀತೈತ್ರಿ ಅಕ್ಕಾರ. ನಿಮಗ ಹೆಂಗ ತಿಳೀತೈತೋ ಹಂಗ ನೆನಪಿಟ್ಕೋರಿ," ಎಂದೆ.

ಎಂಥ ಉದಾರ ಮನಸ್ಸು ನನ್ನದು ಎಂದು ಆ ದಿನ ನನಗೆ ನನ್ನ ಮೇಲೇ ಪ್ರೀತಿ ಬಂತು. ಹೇಗೆ ನೆನಪಿಟ್ಟುಕೊಳ್ಳುತ್ತೀರಿ ಎಂದು ಮಾತ್ರ ಆಮೇಲೆ ಎಂಟು ತಿಂಗಳಲ್ಲಿ ಒಮ್ಮೆಯೂ ಕೇಳಲಿಲ್ಲ. ಶುಕ್ರವಾರ ಸಂಜೆ ಫೋನು ಮಾಡಿ ಹೇಳುತ್ತಿದ್ದಳು, ನಾನು ಆಫೀಸಿನಲ್ಲಿ ಕೂತು ಅವಳ ಫಾರಂ ತುಂಬುತ್ತಿದ್ದೆ. ಸೋಮವಾರ ಹತ್ತಿರದ ದವಾಖಾನೆಯ ನರ್ಸಮ್ಮ ಹೋಗಿ ಜ್ವರದ ಮಕ್ಕಳ ರಕ್ತ ನೋಡುತ್ತಿದ್ದರು. ಬೇರೆ ಯಾರು ಕೇಳಿದರೂ ಅಲ್ಲಿಯ ತಾಯಂದಿರು ಜ್ವರ ಇದೆ ಎನ್ನುತ್ತಿರಲಿಲ್ಲ. ರೋಗದ ಮನೆ ಎಂದು ಗೊತ್ತಾದರೆ ಮೇಸ್ತ್ರಿ ಸಂಸಾರ ಸಮೇತ ಊರಿಗೆ ಕಳಿಸುತ್ತಾನೆಂಬ ಹೆದರಿಕೆ. ಅವಳಿಗೆ ಮಾತ್ರ ಹೇಳುತ್ತಿದ್ದರು. ಅವಳೂ ಅವರ ಜೊತೆಯಲ್ಲೇ ಇಟ್ಟಿಗೆ ಹೊರುವವಳು.

ಆ ಶುಕ್ರವಾರ ಅವಳ ದನಿ ಅವಸರದಲ್ಲಿತ್ತು. "ಈ ಸಲ ಏಳು ಮನ್ಯಾಗ ಹುಡುಗ್ರಿಗೆ ಜ್ವರ ಬಂದಾವ್ರಿ ಸರ. ಎರಡು ಹುಡುಗ್ರು ಭಾಳ ಸಣ್ಣಾಗ್ಯಾವ. ಕಣ್ಣ ಬಿಡವಲ್ವು. ನರ್ಸಮ್ಮಗ ತಪ್ಪದ ಬರಾಕ ಹೇಳ್ರಿ."

"ಹೇಳ್ತೀನ್ರಿ ಅಕ್ಕಾರ."

ಫಾರಮ್ಮಿನಲ್ಲಿ ಏಳು ಎಂದು ಬರೆದೆ. ಮನೆ ಸಂಖ್ಯೆ ಅನ್ನುವ ಜಾಗದಲ್ಲಿ "ಸ್ವಯಂಸೇವಕಿಗೆ ಗೊತ್ತು" ಎಂದು ಬರೆದು ಸಹಿ ಹಾಕಿದೆ. ಆ ಎರಡು ಮಕ್ಕಳನ್ನು ಅವತ್ತೇ ದವಾಖಾನೆಗೆ ಕರೆದೊಯ್ಯಬಹುದಿತ್ತಲ್ಲ ಎಂಬ ಪ್ರಶ್ನೆ ನಿಮಗೆ ಬಂದಿರಬಹುದು. ನನಗೆ ಬರಲಿಲ್ಲ. ನನ್ನ ತಲೆಯ ತುಂಬ ಬಣ್ಣದ ಡಬ್ಬಿಗಳಿದ್ದವು.

ಮರುದಿನದ ಶನಿವಾರಕ್ಕೆ ನಲವತ್ತು ಜನ ಬರುವವರಿದ್ದರು, ಕೊಡಲು ಕೆಲಸ ಇರಲಿಲ್ಲ. ಅದೇ ಶೆಡ್ಡುಗಳ ತಗಡಿಗೆ ಬಣ್ಣ ಬಳಿದು ಸೊಳ್ಳೆ ಜಾಗೃತಿಯ ಚಿತ್ರ ಬರೆಸೋಣ ಎಂಬ ಐಡಿಯಾ ನನ್ನದೇ. ಇದನ್ನು ಬೇರೆಯವರ ಮೇಲೆ ಹಾಕಲು ಎಷ್ಟೋ ಪ್ರಯತ್ನಪಟ್ಟಿದ್ದೇನೆ, ಯಾರೂ ಸಿಗುತ್ತಿಲ್ಲ.

ತಗಡಿನ ಮೇಲೆ ಬಾಗಿಲ ಪಕ್ಕದಲ್ಲಿ ಇದ್ದಿಲಿನ ಗೀಚುಗಳಿದ್ದವು. ಕೆಲವು ಕಡೆ ಸೊನ್ನೆ, ಕೆಲವು ಕಡೆ ಎರಡು ಗೆರೆ, ಕೆಲವು ಕಡೆ ಕೋಳಿಯ ಕಾಲಿನ ಹಾಗೆ ಮೂರು ಗೆರೆ. ಮಕ್ಕಳು ಗೀಚಿದ್ದು ಎಂದುಕೊಂಡೆ. ಒದ್ದೆ ಬಟ್ಟೆ ಕೊಟ್ಟು, ಮೊದಲು ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ ಎಂದು ತಜ್ಞನ ಹಾಗೆ ಹೇಳಿದೆ. ಗಂಡಸರು ಹೆಂಗಸರು ಎಲ್ಲ ಕೆಲಸಕ್ಕೆ ಹೋಗಿದ್ದರು. ಒಂದು ಶೆಡ್ಡಿನ ಮುಂದೆ ಕೂತಿದ್ದ ಮುದುಕಿ ಮಾತ್ರ ಕೇಳಿದಳು, "ಅದ್ಯಾಕಪ್ಪಾ ಅಳಸ್ತೀರಿ? ಇರ್ಲಿ ಬಿಡ್ರಲಾ."

"ಚಂದ ಮಾಡಾಕತ್ತೀವಿ ಅಜ್ಜಿ. ನಿನ್ನ ಮನಿ ಈಗ ಅರಮನಿ ಆಕ್ಕೈತಿ ನೋಡು!"

ಇಂಜಿನಿಯರುಗಳು ನಕ್ಕರು. ಮುದುಕಿ ನಗಲಿಲ್ಲ. ಮಧ್ಯಾಹ್ನದೊಳಗೆ ಎಂಬತ್ತು ಶೆಡ್ಡೂ ಹಳದಿಯಾದವು. ನಾನು ಸ್ವತಃ ಒಂದು ಸೊಳ್ಳೆ ಬರೆದೆ. ಅದು ರೆಕ್ಕೆ ಬಂದ ಎಮ್ಮೆಯ ಹಾಗಿತ್ತು. ಫೋಟೊ ನೋಡಿ ಸಾಹೇಬರು "ಸೂಪರ್" ಎಂದು ಕಳಿಸಿದರು.

ಸೋಮವಾರ ಅವಳು ಅರ್ಧ ದಿನ ಕೆಲಸ ಬಿಟ್ಟು ನರ್ಸಮ್ಮನ ಜೊತೆ ಸಾಲಿನ ತುದಿಯಲ್ಲಿ ನಿಂತಿದ್ದಳು. ಹೊಗಳಿಕೆ ಸಿಗುತ್ತದೆಂದು ನಾನೂ ಹೋಗಿದ್ದೆ, ಮುನ್ಸಿಪಾಲಿಟಿಯ ಹಸಿರು ಜಾಕೀಟು ಹಾಕಿಕೊಂಡು.

"ಯಾರ್ರಿ ಇದನ್ನ ಬಳದಾರು?" ಎಂದಳು.

"ನಾವ ರೀ. ಹೆಂಗೈತಿ?"

ಅವಳು ಹತ್ತಿರದ ತಗಡಿನ ಮೇಲೆ ಅಂಗೈ ಇಟ್ಟು ಸವರಿದಳು. ಕೆಳಗೆ ಏನಾದರೂ ಸಿಗುತ್ತದೇನೋ ಎನ್ನುವ ಹಾಗೆ. "ಶನಿವಾರ, ಭಾನುವಾರ ಎರಡೂ ದಿನ ಸ್ಲ್ಯಾಬ್ ಹಾಕೋ ಕೆಲಸ ಇತ್ರಿ, ಕತ್ತಲಾಗ ಬಂದು ಮಕ್ಕೊಂಡೆ. ನೋಡೇ ಇಲ್ಲ. ಸೊನ್ನಿ ಅಂದ್ರ ಡ್ರಮ್ಮು ತೊಳದಾರ ಅಂತ. ಎರಡು ಗೆರಿ ಅಂದ್ರ ನೀರಾಗ ಸೊಳ್ಳಿ ಹುಳ ಅದಾವ ಅಂತ. ಕೋಳಿಕಾಲು ಬರದಿದ್ದು ಜ್ವರದ ಮನಿರಿ."

ನರ್ಸಮ್ಮನಿಗೆ ನಾನು ತೆಲುಗಿನಲ್ಲಿ ತಿಳಿಸಿದೆ. ಅವರು ನನ್ನನ್ನು, ನನ್ನ ಎಮ್ಮೆಯನ್ನು ನೋಡಿ, "ಎಂತ ಪನಿ ಚೇಸಾವು ಬಾಬು," ಎಂದರು. ಎಂಥ ಕೆಲಸ ಮಾಡಿದೆಯಪ್ಪಾ ಎಂದು.

"ನೆನಪಿಲ್ಲೇನ್ರಿ ಅಕ್ಕಾರ, ಯಾವ ಮನಿ ಅಂತ?"

"ಎಂಬತ್ತು ಮನಿ ರೀ. ವಾರಕ್ಕೊಮ್ಮಿ ಮಂದಿ ಬದಲಾಗ್ತಾರ. ಕೆಲಸ ಮುಗಿಸಿ ಬಂದು ಓಡಾಡ್ಕೋತ ನೋಡ್ತೀನಿ. ತಲ್ಯಾಗ ನಿಲ್ಲಂಗಿಲ್ಲಂತನ ಗ್ವಾಡಿ ಮ್ಯಾಲ ಗೀಚಿ ಇಟ್ಟಿದ್ದೆ."

ಬಾಗಿಲು ಬಾಗಿಲು ತಟ್ಟಿದೆವು. ಅವಳು ಒಬ್ಬಳೇ ಮೆಲ್ಲಗೆ ಕೇಳಿದ್ದರೆ ಹೇಳುತ್ತಿದ್ದರೇನೋ. ಹಿಂದೆ ನರ್ಸಮ್ಮನ ಪೆಟ್ಟಿಗೆ, ಅದರ ಹಿಂದೆ ನನ್ನ ಹಸಿರು ಜಾಕೀಟು. "ನಮ್ಮಲ್ಲಿ ಯಾರಿಗೂ ಏನೂ ಇಲ್ರಿ" ಎಂದು ಬಾಗಿಲು ಹಾಕಿಕೊಂಡರು. ಗದ್ದಲ ಕೇಳಿ ಮೇಸ್ತ್ರಿ ಬಂದು, ಯಾರ ಮನೆಯಲ್ಲಿ ರೋಗ ಎಂದು ಕೂಗಾಡಿದ. ಆಮೇಲಂತೂ ತೆರೆದಿದ್ದ ಬಾಗಿಲುಗಳೂ ಮುಚ್ಚಿದವು. ಸಂಜೆಯ ಹೊತ್ತಿಗೆ ಐದು ಮಕ್ಕಳು ಸಿಕ್ಕರು. ಕಣ್ಣು ಬಿಡದ ಆ ಎರಡು ಮಕ್ಕಳು ಅವರಲ್ಲಿ ಇರಲಿಲ್ಲ.

ಭಾನುವಾರವೇ ಮೇಸ್ತ್ರಿ ಹನ್ನೊಂದು ಸಂಸಾರಗಳನ್ನು ಟ್ರಕ್ಕಿನಲ್ಲಿ ಬೇರೆ ಸೈಟಿಗೆ ಸಾಗಿಸಿದ್ದಾನೆ ಎಂದು ಆ ಮುದುಕಿ ಹೇಳಿದಳು. ಸಿಕಂದರಾಬಾದಿನ ಆಚೆ ಎಲ್ಲೋ. ಎಲ್ಲಿ ಎಂದು ಮೇಸ್ತ್ರಿ ಹೇಳಲಿಲ್ಲ. ಮಂಗಳವಾರದಿಂದ ನಾನು ಗಾಡಿ ತೆಗೆದುಕೊಂಡು ಆ ಕಡೆಯ ಸೈಟುಗಳನ್ನೆಲ್ಲ ಸುತ್ತಿದೆ. ಪ್ರತಿ ಸೈಟಿನಲ್ಲೂ ಅವೇ ತಗಡು, ಅವೇ ಡ್ರಮ್ಮು. ಒಂದು ಕಡೆ ವಾಚ್‌ಮನ್ ನನ್ನನ್ನು ಸಿಮೆಂಟು ಕದಿಯಲು ಬಂದವನೆಂದು ಹಿಡಿದು ಕೂರಿಸಿದ. ಸಾಮಾನ್ಯವಾಗಿ ಈ ಭಾಗವನ್ನು ಗೆಳೆಯರ ಮುಂದೆ ನಟನೆ ಮಾಡಿ ತೋರಿಸುತ್ತೇನೆ, ಎಲ್ಲರೂ ನಗುತ್ತಾರೆ. ಯಾಕೆ ಹೋಗಿದ್ದೆ ಎಂದು ಯಾರೂ ಕೇಳದ ಹಾಗೆ ಬೇಗ ಮುಗಿಸುತ್ತೇನೆ. ಆ ಸಂಸಾರಗಳು ಸಿಗಲಿಲ್ಲ. ಮಕ್ಕಳ ಹೆಸರು ಕೂಡ ನನಗೆ ಗೊತ್ತಿರಲಿಲ್ಲ, ಏನೆಂದು ಕರೆದು ಹುಡುಕಲಿ?

ಮುಂದಿನ ಶುಕ್ರವಾರ ಅವಳ ಫೋನು ಬಂತು. "ಜ್ವರ ಯಾರಿಗೂ ಇಲ್ಲ ಅಂತಾರ್ರಿ."

"ಇಲ್ಲೇನ್ರಿ?"

"ಇಲ್ಲ ಅಂತ ಅಂತಾರ್ರಿ."

ಸೊನ್ನೆ ಬರೆದೆ. ಅದರ ಮುಂದಿನ ವಾರವೂ ಸೊನ್ನೆ. ಆ ಮನೆಗಳಲ್ಲಿ ಇನ್ನು ಅವಳಿಗೂ ಏನೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಫಾರಮ್ಮಿಗೆ ಗೊತ್ತಿರಲಿಲ್ಲ. ಜ್ವರ ಏಳರಿಂದ ಸೊನ್ನೆಗೆ ಇಳಿದದ್ದು ನಮ್ಮ ಚಿತ್ರಗಳಿಂದ ಎಂದು ಸಾಹೇಬರು ಮೀಟಿಂಗಿನಲ್ಲಿ ಹೇಳಿ ನನ್ನನ್ನು ಎದ್ದು ನಿಲ್ಲಿಸಿದರು. ಚಪ್ಪಾಳೆ ಬಿತ್ತು. ನಿಂತೇ ಇದ್ದೆ. ಬಾಯಿ ಬಿಡಲು ಆಗಲಿಲ್ಲ. ಜೀವಮಾನವಿಡೀ ಬಾಯಿ ಮುಚ್ಚು ಎಂದು ಬೈಸಿಕೊಂಡವನು ನಾನು.

ಮೂರನೆಯ ಶುಕ್ರವಾರ ಜಾಕೀಟು ಬಿಟ್ಟು ಮಣಿಕೊಂಡಕ್ಕೆ ಹೋದೆ. ಅವಳು ಒಬ್ಬಳೇ ಒಂದು ಡ್ರಮ್ಮನ್ನು ಮಗುಚಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ನಾನು ಕಲ್ಲಿನ ಮೇಲೆ ಕೂತೆ. ಕೆಲಸ ಬಿಡುತ್ತೇನೆ ಎಂದೆ. ತಪ್ಪಾಯಿತು ಎಂದೆ. ಎಲ್ಲ ಸೈಟೂ ನೋಡಿದೆ, ಬೇರೆ ಊರಿಗೆ ಹೋಗಿರಬಹುದು, ಅಲ್ಲಿ ದೊಡ್ಡ ದವಾಖಾನೆ ಇರಬಹುದು, ತಾಯಂದಿರು ಸುಮ್ಮನೆ ಇರುತ್ತಾರೆಯೇ, ತೋರಿಸಿರುತ್ತಾರೆ, ಅಲ್ಲವೇ ಎಂದೆ. ಸುಮಾರು ಹೊತ್ತು ನಾನೊಬ್ಬನೇ ಮಾತಾಡಿದೆ.

ಅವಳು ಉಜ್ಜುವುದು ನಿಲ್ಲಿಸಿ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಆ ಹುಡುಗ್ರು ಎಲ್ಲೋ ಆರಾಮ ಅದಾವು ಅಂತ ನನ್ನ ಬಾಯಿಂದ ಕೇಳಿ ಹೋಗಬೇಕಂತ ಬಂದಿ, ಹೌದಿಲ್ಲೋ ತಮ್ಮಾ?" ಎಂದಳು. "ಅದೊಂದು ನಾ ಹೇಳಂಗಿಲ್ಲ. ನನಗ ಗೊತ್ತಿಲ್ಲ."