ಪ್ರಸ್ಥಾನದ ಚೀಲ

ಮಾವನ ಎಡ ಮೊಣಕೈ ಕಪ್ಪಾಗಿ, ಒರಟಾಗಿ, ಸವೆದ ಚಪ್ಪಲಿಯ ಹಿಮ್ಮಡಿಯ ಹಾಗಿತ್ತು. ಗ್ರಾಂಟ್ ರೋಡಿನ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಹಣ ಎಣಿಸುತ್ತ ಕೂತು, ಅದೊಂದು ಮೊಣಕೈಯನ್ನು ಮೇಜಿಗೆ ಊರಿ ಅವರು ಆಯುಷ್ಯ ಕಳೆದಿದ್ದರು. ಕೆಲಸ ಬಿಟ್ಟ ಮೇಲೂ ಅದಕ್ಕೆ ಊರಲು ಜಾಗ ಬೇಕಿತ್ತು. ಫ್ರಿಜ್ಜಿನ ತಲೆ, ಟಿವಿಯ ಸ್ಟ್ಯಾಂಡು, ನಾನು ಚಪಾತಿ ಲಟ್ಟಿಸುತ್ತಿದ್ದರೆ ಮಣೆಯ ಪಕ್ಕದ ಕಟ್ಟೆ. "ನಿಮಗಿಲ್ಲಿ ಎಂತ ಕೆಲಸ ಮಾವ?" ಎಂದರೆ "ಸೂಪರ್‌ವಿಷನ್" ಎನ್ನುತ್ತಿದ್ದರು. ನಾನು ಅವರ ಒಬ್ಬಳೇ ಸೊಸೆ. ಆ ಸೂಪರ್‌ವಿಷನ್ನಿನ ಕೆಳಗೆ ಚೆನ್ನಾಗಿ ಬೆಂದವಳು.

ಸಯನ್ನಿನ ನಮ್ಮ ಚಾಳು ಕೆಡವಿ ಅಲ್ಲೇ ಬಿಲ್ಡಿಂಗ್ ಎಬ್ಬಿಸಿದಾಗ ಮೂರನೇ ಮಹಡಿಯಲ್ಲಿ ಫ್ಲ್ಯಾಟ್ ಸಿಕ್ಕಿತು. ಚಾಳಿನಲ್ಲಿ ಬಾಗಿಲು ತೆರೆದರೆ ಉದ್ದನೆಯ ಗ್ಯಾಲರಿ, ಅದರ ತುಂಬ ಜನ. ಇಲ್ಲಿ ಕಿಟಕಿ ತೆರೆದರೆ ಎದುರು ಬಿಲ್ಡಿಂಗಿನ ಬಚ್ಚಲ ಪೈಪು. ಅದೇ ಹೊತ್ತಿಗೆ ಅತ್ತೆ ಒಂದು ಸಂಜೆ ಸ್ಟೇಷನ್ನಿನ ಸೇತುವೆಯ ಮೇಲೆ ನೂಕುನುಗ್ಗಲಿನಲ್ಲಿ ಸಿಕ್ಕಿ, ಉಸಿರು ಕಟ್ಟಿ ಹೇಗೋ ಮನೆಗೆ ಬಂದಿದ್ದರು. ಅಂದಿನಿಂದ ಹೊಸ್ತಿಲು ದಾಟಲಿಲ್ಲ. ಲಿಫ್ಟಿನ ಬಾಗಿಲು ನೋಡಿದರೇ ಬೆವರುತ್ತಿದ್ದರು. ಮಾಟುಂಗದ ದೇವಸ್ಥಾನವೂ ಬೇಡ. "ನನಗೆ ಇಲ್ಲಿ ಎಂತ ಕಡಿಮೆ ಆಗಿದೆ?" ಎಂದು ಮಂಚದ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವರೊಬ್ಬರನ್ನೇ ಬಿಟ್ಟು ನಾವೂ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ನನಗೂ ಉಸಿರು ಕಟ್ಟುತ್ತಿತ್ತು. ಯಾರಿಗೆ ಹೇಳುವುದು? ಹೇಳಿದರೆ ಸೊಸೆಗೆ ತಿರುಗುವ ಚಾಳಿ ಅನ್ನುತ್ತಾರೆ.

"ಇವಳು ಕಡಲ ಕರೆಯಲ್ಲಿ ಹುಟ್ಟಿದವಳು. ಒಮ್ಮೆ ಸಮುದ್ರ ತೋರಿಸಿದರೆ ಸರಿಯಾಗ್ತಾಳೆ" ಎಂದು ಮಾವ ಅತ್ತೆಯ ಬೆನ್ನು ಬಿದ್ದರು. ಬೆಳಿಗ್ಗೆ ಕಾಫಿಗೊಮ್ಮೆ, ಸಂಜೆ ಕಾಫಿಗೊಮ್ಮೆ ಅದೇ ಮಾತು. ಕೊನೆಗೆ ಅತ್ತೆ ಸೋತರು. "ಒಂದೇ ಸಲ. ಎಂತಾದರೂ ಎಡವಟ್ಟಾದರೆ ಮತ್ತೆ ನನ್ನನ್ನು ಕರೆಯುವ ಹಾಗಿಲ್ಲ. ರಾಹುಕಾಲಕ್ಕೆ ಮುಂಚೆ ಹೊರಡಬೇಕು" ಎಂದರು.

ಆ ಆದಿತ್ಯವಾರ ಅತ್ತೆ ಒಂದು ಕೈಯಲ್ಲಿ ತಮ್ಮ ಚೀಲ, ಇನ್ನೊಂದರಲ್ಲಿ ನನ್ನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದರು. ನಮ್ಮ ಪಾರ್ಕಿಂಗಿನಲ್ಲಿ ಒಂದರ ಮೇಲೊಂದು ಎರಡು ಕಬ್ಬಿಣದ ತಟ್ಟೆ. ಒಂದು ನೆಲದ ಮಟ್ಟದಲ್ಲಿ, ಇನ್ನೊಂದು ಕೆಳಗೆ ಹೊಂಡದಲ್ಲಿ. ಹೊಂಡದವರಿಗೆ ಕಾರು ಬೇಕಾದರೆ ವಾಚ್‌ಮನ್ ಬಟನ್ ಒತ್ತುತ್ತಾನೆ, ಮೇಲಿನ ತಟ್ಟೆ ಕಾರಿನ ಸಮೇತ ಗಾಳಿಗೇರುತ್ತದೆ. ಮೇಲಿನ ತಟ್ಟೆ ನಮ್ಮದು. ಕಾರು ಹೊರಗೆ ತಂದ ಮೇಲೆಯೇ ಹತ್ತಬೇಕೆಂಬುದು ನಿಯಮ. ಆದರೆ ನನ್ನ ಗಂಡ ಬಾಗಿಲು ತೆಗೆದ ಮೇಲೆ ಲೈಸೆನ್ಸು ನೆನಪಾಗಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡು ಮತ್ತೆ ಮೇಲಕ್ಕೆ ಓಡಿದ. ರಾಹುಕಾಲ ಇನ್ನೇನು ಬರುವುದರಲ್ಲಿತ್ತು. "ಕೂತುಬಿಡಿ. ಕೂತರೆ ಹೊರಟ ಲೆಕ್ಕ" ಎಂದು ಮಾವ ಅತ್ತೆಯನ್ನೂ ನನ್ನನ್ನೂ ನನ್ನ ಮಗಳನ್ನೂ ಒಳಗೆ ತುಂಬಿ ಬಾಗಿಲೆಳೆದುಕೊಂಡರು.

ಆಗಲೇ ಹೊಂಡದವರಿಗೂ ಕಾರು ಬೇಕಾಗಬೇಕೇ? ವಾಚ್‌ಮನ್ ನಮ್ಮನ್ನು ನೋಡದೆ ಬಟನ್ ಒತ್ತಿದ.

"ಅಜ್ಜ, ಹಮ್ ಊಪರ್ ಕ್ಯೂಂ ಜಾ ರಹೇ ಹೈಂ?" ಎಂದು ಕಾರು ಮೇಲೇರುವುದನ್ನು ಕಂಡು ಕೇಳಿದಳು ಮಗಳು.

"ಫ್ಲೈಓವರ್ ಮಗಾ" ಎಂದರು ಮಾವ.

ನಾನು ಕಿರುಚಿದೆ. ವಾಚ್‌ಮನ್ ಗಾಬರಿಬಿದ್ದು ಕೈಗೆ ಸಿಕ್ಕ ಬಟನ್ನುಗಳನ್ನೆಲ್ಲ ಒತ್ತಿದ. ಯಂತ್ರ ಒಮ್ಮೆ ಕುಲುಕಿ ಅಲ್ಲೇ ನಿಂತಿತು. ಮೆಕ್ಯಾನಿಕ್ ಡೊಂಬಿವಲಿಯಿಂದ ಬರಬೇಕು ಎಂದು ಕೆಳಗಿನಿಂದ ಯಾರೋ ಕೂಗಿದರು. ಕೀಲಿಯಿಲ್ಲದೆ ಗಾಜು ಇಳಿಯದು, ಬಾಗಿಲು ತೆರೆದರೆ ಕಾಲಿಡಲು ನೆಲವಿಲ್ಲ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಬಳೆ ಚರ್ಮಕ್ಕೆ ಒತ್ತುತ್ತಿತ್ತು. ಅವರ ಉಸಿರು ಸೇತುವೆಯ ಆ ಸಂಜೆಯ ಹಾಗೆ ಮೇಲೆ ಮೇಲೆ ಬರುತ್ತಿತ್ತು. ಇನ್ನು ಈ ಜನ್ಮದಲ್ಲಿ ಇವರು ಹೊರಗೆ ಬರುವುದಿಲ್ಲ, ನಾನೂ ಇಲ್ಲ ಎನಿಸಿ ನನಗೆ ಅಳು ಬಂತು.

ಮಾವ ಗಾಳಿಗೆಂದು ಬಾಗಿಲು ಸ್ವಲ್ಪ ತೆರೆದರು. ಅವರ ತೊಡೆಯ ಮೇಲಿದ್ದ ಗೋಳಿಬಜೆಯ ಡಬ್ಬಿ ಜಾರಿತು. ಕೆಳಗೆ ತಲೆಯೆತ್ತಿ ಬೈಯುತ್ತಿದ್ದ ಸೊಸೈಟಿಯ ಸೆಕ್ರೆಟರಿಯ ಮೇಲೆ ಬಜೆಯ ಮಳೆ. ಮಾವ ಆ ಸಂದಿನಲ್ಲೇ ಮೊಣಕೈ ಊರಿ, ಗಲ್ಲೆಯ ದನಿಯಲ್ಲಿ, "ಸೆಕ್ರೆಟರಿ ಸಾಬ್, ಚಟ್ನಿ ಪೀಛೇ ಸೇ ಆ ರಹೀ ಹೈ" ಎಂದರು. ಚಟ್ನಿ ಹಿಂದಿನಿಂದ ಬರುತ್ತಿದೆಯಂತೆ. ಹಾಗೇ ಆಯಿತು. ಓಡಿ ಬಂದ ನನ್ನ ಗಂಡ ಗಾಜು ಇಳಿಸಲು ಹೋಗಿ ರಿಮೋಟಿನಲ್ಲಿ ಡಿಕ್ಕಿ ತೆರೆದ. ಚಾಪೆ, ಕೊಡೆ, ಚಟ್ನಿಯ ತೂಕುಪಾತ್ರೆ ಒಂದರ ಹಿಂದೆ ಒಂದು ಅವನ ತಲೆಗೇ ಬಂದವು.

ಅತ್ತೆಯ ಹಿಡಿತ ಸಡಿಲಾಯಿತು. ನೋಡಿದರೆ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಹೊಸ ಬಿಲ್ಡಿಂಗಿಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಆದರೆ ನಗುವಿನಿಂದ ಯಂತ್ರ ಇಳಿಯುವುದಿಲ್ಲ. ಕಾರಿನೊಳಗೆ ಇಡ್ಲಿಯ ಹಾಗೆ ಬೇಯುತ್ತ ಕೂತೆವು. ನಮ್ಮನ್ನು ಇಳಿಸುವಾಗ ದೀಪ ಹಚ್ಚುವ ಹೊತ್ತು ದಾಟಿತ್ತು. ಅತ್ತೆ ಯಾರ ಮುಖವನ್ನೂ ನೋಡದೆ ಮೆಟ್ಟಿಲಿನ ಕಡೆ ನಡೆದರು. "ಎಡವಟ್ಟು ಆಯ್ತಲ್ಲ. ಇನ್ನು ಕರೆಯಬೇಡಿ" ಎಂದರು.

ಮೇಲೆ ಬಂದು ತಮ್ಮ ಚೀಲ ಕೇಳಿದರು. ಅದರಲ್ಲೇ ಅವರ ಎಲೆಯಡಿಕೆ.

"ಅದು ವಾಚ್‌ಮನ್ನಿನ ಕ್ಯಾಬಿನ್ನಿನಲ್ಲಿ ಉಂಟು. ಪ್ರಸ್ಥಾನ ಇಟ್ಟಿದ್ದೇನೆ" ಎಂದರು ಮಾವ.

ಪ್ರಸ್ಥಾನವೆಂದರೆ ಊರ ಕಡೆಯ ಹಳೆಯ ಕ್ರಮ. ಒಳ್ಳೆಯ ಹೊತ್ತಿನಲ್ಲಿ ಹೊರಡಲಾಗದಿದ್ದರೆ ಚೀಲವನ್ನಾದರೂ ಮನೆಯಿಂದ ಹೊರಗೆ ದಾಟಿಸಿ ಇನ್ನೊಬ್ಬರಲ್ಲಿ ಇಡುವುದು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಅದು ಮುಗಿಯುವ ತನಕ ಚೀಲ ಒಳಗೆ ಬರುವಂತಿಲ್ಲ. ಜೀವಮಾನವಿಡೀ ಇದನ್ನು ಪಾಲಿಸಿದವರು ಅತ್ತೆ. ಹೋಟೆಲಿನವರಾದ ಮಾವ ರಾಹುಕಾಲ ನೋಡಿ ಯಾವತ್ತೂ ಶಟರ್ ಎತ್ತಿದವರಲ್ಲ.

"ನನ್ನ ಎಲೆಯಡಿಕೆ?"

"ಉಂಟು. ಕೆಳಗೆ ಉಂಟು."

ಮರುದಿನ ಸಂಜೆಯವರೆಗೆ ಅತ್ತೆ ಬಾಯಿ ಬಿಗಿದು ಕೂತರು. ಬೇರೆ ಎಲೆ ತಂದುಕೊಟ್ಟರೆ ಮುಟ್ಟಲಿಲ್ಲ. ಆಮೇಲೆ ಎದ್ದು, ಮಾವನನ್ನು ಬೈಯುತ್ತ ಮೆಟ್ಟಿಲಿಳಿದು, ಕ್ಯಾಬಿನ್ನಿನ ಬೆಂಚಿನಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿದರು. ಅದು ದಿನದ ರೂಢಿಯಾಯಿತು. ಮಾವ ಪಕ್ಕದಲ್ಲಿ ಮೊಣಕೈ ಊರಿ ಕೂರುತ್ತಿದ್ದರು. ಗೇಟಿನವರೆಗೆ, ತರಕಾರಿ ಗಾಡಿಯವರೆಗೆ ಅತ್ತೆ ಹೋಗತೊಡಗಿದರು. ಸಮುದ್ರದ ಮಾತೆತ್ತಿದರೆ ಮಾತ್ರ "ನೋಡುವ" ಎನ್ನುತ್ತಿದ್ದರು. ಮಾವ ಪ್ರತಿ ವಾರ "ಬರುವ ಆದಿತ್ಯವಾರ" ಎನ್ನುತ್ತಿದ್ದರು.

ಅಂಥದ್ದೊಂದು ಆದಿತ್ಯವಾರದ ಬೆಳಿಗ್ಗೆ ಮಾವ ಏಳಲಿಲ್ಲ.

ಬೂದಿಯನ್ನು ಸಮುದ್ರಕ್ಕೆ ಬಿಡುವ ದಿನ ಗಂಡಸರಷ್ಟೇ ಹೊರಟಿದ್ದರು. ಹೆಂಗಸರು ಬರುವ ಕ್ರಮವಿಲ್ಲ ಎಂದು ಪುರೋಹಿತರು ಹೇಳಿದ್ದರು. ಅತ್ತೆ ಕೇಳಿಸಿಕೊಂಡರು, ಕೆಳಗಿಳಿದರು, ಕ್ಯಾಬಿನ್ನಿನಿಂದ ಚೀಲ ತೆಗೆದುಕೊಂಡರು. ಕಾರಿನಲ್ಲಿ ಮಾವ ಕೂರುತ್ತಿದ್ದ ಸೀಟಿನಲ್ಲಿ ಕೂತು ಮಗನತ್ತ ಕೈ ಚಾಚಿದರು.

"ಇವರನ್ನು ನನ್ನ ಮಡಿಲಲ್ಲಿ ಇಡು. ಪ್ರಸ್ಥಾನ ಇಟ್ಟಾಗಿದೆ. ಇಬ್ಬರೂ ಹೋಗಬೇಕು."

ನನ್ನ ಗಂಡ ಬೂದಿಯ ಮಡಕೆಯನ್ನು ಅವರ ಮಡಿಲಲ್ಲಿ ಇಟ್ಟ. ನಾನೂ ಹಿಂದೆ ಹತ್ತಿದೆ. ದಾರಿಯುದ್ದಕ್ಕೂ ಟ್ರಾಫಿಕ್ಕು, ಅತ್ತೆ ಒಮ್ಮೆಯೂ ಬೆವರಲಿಲ್ಲ. ನೀರಿನಲ್ಲಿ ಮೊಣಕಾಲಿನವರೆಗೆ ನಿಂತು ಮಡಕೆಯನ್ನು ತಾವೇ ಬಾಗಿಸಿದರು. ಆಮೇಲೆ ಮರಳಿನ ಮೇಲೆ ಕೂತು ತುಂಬ ಹೊತ್ತು ಸಮುದ್ರ ನೋಡಿದರು.

ಮರಳಿ ಬಂದಾಗ ಪ್ರಯಾಣ ಮುಗಿಯಿತಲ್ಲ ಎಂದು ನಾನು ಚೀಲ ಎತ್ತಿಕೊಂಡೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದು ವಾಚ್‌ಮನ್ನಿಗೆ ಕೊಟ್ಟರು.

"ಅವರದ್ದು ಮುಗಿಯಿತು. ನಮ್ಮದು ಇನ್ನೂ ಉಂಟಲ್ಲ" ಎಂದರು.

ಈಗ ಸಂಜೆಯಾದರೆ ಇಬ್ಬರೂ ಒಟ್ಟಿಗೆ ಕೆಳಗಿಳಿಯುತ್ತೇವೆ.