ಹಾರ್ನ್ ಕೇಳಿ ನಿಂತವರು

ಬಾಸ್ಕೆಟ್‌ಬಾಲ್‌ನಲ್ಲಿ ಟೈಮ್‌ಔಟ್ ಕೇಳುವ ಹಕ್ಕು ಯಾರಿಗಿದೆ? ಕೋಚ್‌ಗೆ. ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಇನ್ನೊಬ್ಬರಿಗೂ ಇದೆ. ತಡವಾಗಿ ಬರುವ ಮುಖ್ಯ ಅತಿಥಿಗೆ.

ಕಳೆದ ಭಾನುವಾರ ಸದಲಗಾದಲ್ಲಿ ಹುಡುಗಿಯರ ಫೈನಲ್. ಏಕಸಂಬಿ ಮತ್ತು ಶೇಡಬಾಳ. ಸೀಟಿ ನನ್ನ ಕೊರಳಲ್ಲಿ. (ವಾರವಿಡೀ ಪಿ.ಇ. ಮಾಸ್ತರ, ಭಾನುವಾರ ರೆಫರಿ. ಬೈಗುಳಕ್ಕೆ ರಜೆಯಿಲ್ಲ.) ಗೆದ್ದವರು ಬೆಳಗಾವಿಗೆ ಆಡಲು ಹೋಗುತ್ತಾರೆ. ಕೊನೆಯ ನಿಮಿಷ, ಶೇಡಬಾಳ ಒಂದೇ ಪಾಯಿಂಟ್ ಮುಂದಿತ್ತು.

ಆಗ ಗೇಟಿನೊಳಗೆ ಮುಖ್ಯ ಅತಿಥಿಯ ಬಿಳಿ ಕಾರು ಬಂತು. ನಮ್ಮಲ್ಲಿ ಗಡಿಯಾರ ನೋಡುವವರೇ ಮೈಕ್ ಕೂಡ ಹಿಡಿಯುತ್ತಾರೆ. ಅವರು ಟೇಬಲ್ ಮೇಲಿನ ಹಾರ್ನ್ ಒತ್ತಿ, ಎಲ್ಲರೂ ಎದ್ದು ಸಾಹೇಬರನ್ನು ಸ್ವಾಗತಿಸಬೇಕೆಂದು ಹೇಳಿಯೇಬಿಟ್ಟರು. ಜನ ಎದ್ದರು. ಶೇಡಬಾಳದ ಹುಡುಗಿಯರು ಆಟ ಬಿಟ್ಟು ಅಂಕಣದಲ್ಲೇ ಕೈಮುಗಿದು ನಿಂತರು.

ಏಕಸಂಬಿಯ ರುಬಿನಾ ನಿಲ್ಲಲಿಲ್ಲ. ಚೆಂಡು ಅವಳ ಬಳಿಯೇ ಇತ್ತು. ಡ್ರಿಬಲ್ ಮಾಡುತ್ತ ಹೋಗಿ ಆರಾಮಾಗಿ ಬಾಸ್ಕೆಟ್‌ಗೆ ಹಾಕಿದಳು.

ಎರಡು ಪಾಯಿಂಟ್ ಎಂದು ನಾನು ಎರಡು ಬೆರಳು ತೋರಿಸಿದೆ. ಅಲ್ಲಿಂದ ತಕರಾರು ಶುರುವಾಯಿತು.

ಸಂಘಟಕರು ಓಡಿ ಬಂದು ಕಿವಿಯ ಹತ್ತಿರ ಹೇಳಿದರು: "ಸರ್, ಅದನ್ನ ಹಿಡೀಬ್ಯಾಡ್ರಿ. ಸಾಹೇಬ್ರ ಸಲುವಾಗಿ ನಿಂತಾರ ಅವ್ರು."

ರೂಲ್ ಸರಳ. ಟೇಬಲ್‌ನವರು ಹಾರ್ನ್ ಒತ್ತಿದ ಮಾತ್ರಕ್ಕೆ ಆಟ ನಿಲ್ಲುವುದಿಲ್ಲ. (ಅವಧಿ ಮುಗಿದಾಗಿನ ಹಾರ್ನ್ ಬೇರೆ ಮಾತು.) ನಡುವೆ ನಿಲ್ಲಿಸಬೇಕಾದದ್ದು ನಮ್ಮ ಸೀಟಿ. ನಾನು ಊದಿರಲಿಲ್ಲ. ಅತಿಥಿ ಬಂದರೆ ಊದಿ ಎಂದು ಯಾವ ಪುಸ್ತಕದಲ್ಲೂ ಇಲ್ಲ.

ನೀನೇಕೆ ನಿಲ್ಲಲಿಲ್ಲ ಎಂದು ಆಮೇಲೆ ರುಬಿನಾಳನ್ನು ಕೇಳಿದೆ. "ನೀವು ಸೀಟಿ ಊದಿಲ್ಲಲ್ರಿ ಸರ್," ಅಂದಳು. ಅಷ್ಟೇ. ಇಡೀ ಮೈದಾನದಲ್ಲಿ ಆಟ ಆಡುತ್ತಿದ್ದವಳು ಅವಳೊಬ್ಬಳೇ. ನನಗೆ ಖುಷಿಯಾಯಿತು.

ಉಳಿದ ಸೆಕೆಂಡುಗಳಲ್ಲಿ ಮತ್ತೆ ಯಾರೂ ಬಾಸ್ಕೆಟ್ ಹಾಕಲಿಲ್ಲ, ಶೇಡಬಾಳ ಒಂದು ಪಾಯಿಂಟಿನಿಂದ ಸೋತಿತು. ಹುಡುಗಿಯರು ಬ್ಯಾಗಿನಲ್ಲಿ ಮುಖ ಹುದುಗಿಸಿ ಅತ್ತರು. ಅವರ ಕೋಚ್ ಮೇಡಂ ಜಗಳವಾಡಲಿಲ್ಲ. ಸ್ಕೋರ್‌ಶೀಟಿಗೆ ಸಹಿ ಹಾಕುತ್ತ ಇಷ್ಟೇ ಹೇಳಿದರು: "ನಿಮ್ಮ ರೂಲ್ ಬರೋಬ್ಬರಿ ಐತ್ರಿ ಸರ್. ಆದ್ರ ಹಿರ್ಯಾರು ಬಂದ್ರ ಎದ್ದು ನಿಲ್ಲಬೇಕಂತ ಹುಡುಗ್ಯಾರಿಗೆ ನಾನ ಕಲಿಸೀನ್ರಿ."

ಖುಷಿ ಅಲ್ಲಿಗೆ ಇಳಿಯಿತು. ತೀರ್ಪು ಸರಿ, ಇವತ್ತಿಗೂ ಅದನ್ನೇ ಕೊಡುತ್ತೇನೆ. ಆದರೆ ಆ ಹುಡುಗಿಯರು ಮಾಡಿದ ಫೌಲ್ ಯಾವುದು?

ಬಹುಮಾನ ವಿತರಣೆಯಲ್ಲಿ ಸಾಹೇಬರು ಶಿಸ್ತಿನ ಬಗ್ಗೆ ಚೆನ್ನಾಗಿ ಮಾತಾಡಿದರು. ತಡವಾಗಿದ್ದಕ್ಕೆ ಕ್ಷಮೆ ಕೇಳಲಿಲ್ಲ, ಯಾರೂ ನಿರೀಕ್ಷಿಸಿಯೂ ಇರಲಿಲ್ಲ.

ತಡವಾಗಿ ಬಂದವರಿಗೆ ಶಾಲು ಸಿಕ್ಕಿತು, ಎದ್ದು ನಿಂತವರಿಗೆ?